ನೋವು ಇಳಿದ ಮೇಲೆ ಏಳುವ ಪ್ರಶ್ನೆಗಳು

ಗುಣವಾಗದ ಕಾಯಿಲೆಯ ಕೊನೆಯ ಹಂತ ಮುಟ್ಟಿದವರನ್ನು ನೋಡಿಕೊಳ್ಳುವ ತಾಣವೇ ಹಾಸ್ಪೈಸ್. ಕಾಯಿಲೆಯನ್ನು ಓಡಿಸುವ ಪ್ರಯತ್ನ ಅಲ್ಲಿ ನಿಂತಿರುತ್ತದೆ; ನೋವು, ವಾಂತಿ, ಉಬ್ಬಸ, ಗಾಯದ ವಾಸನೆ, ನಿದ್ದೆಗೇಡುಗಳನ್ನು ಹತೋಟಿಗೆ ತರುವ ಕೆಲಸ ಮಾತ್ರ ಕೊನೆಯ ಗಳಿಗೆಯವರೆಗೂ ನಡೆಯುತ್ತದೆ. ಇಂಥ ಉಪಶಾಮಕ ಆರೈಕೆ ಏನೆಂದು 2002ರಲ್ಲಿ ವಿವರಿಸಿದ ವಿಶ್ವ ಆರೋಗ್ಯ ಸಂಸ್ಥೆ, ದೇಹದ ನೋವಿನ ಜೊತೆಗೆ ಮನಸ್ಸಿನ, ಸಂಸಾರದ ಮತ್ತು ಆಧ್ಯಾತ್ಮಿಕ ಸಂಕಟಗಳನ್ನೂ ಹೆಸರಿಸಿತು. ರೋಗಿಯಷ್ಟೇ ಅಲ್ಲ, ಮನೆಮಂದಿಯೂ ಈ ಆರೈಕೆಗೆ ಸೇರಿದವರು ಎಂದಿತು. ದೇಹಕ್ಕೆ ಡಾಕ್ಟರಿದ್ದಾರೆ, ಮನಸ್ಸಿಗೆ ಆಪ್ತಸಮಾಲೋಚಕರಿದ್ದಾರೆ, ಸಂಸಾರದ ಕಷ್ಟಕ್ಕೆ ಸಮಾಜ ಕಾರ್ಯಕರ್ತರಿದ್ದಾರೆ. ಉಳಿದ ಒಂದು ಯಾರ ಪಾಲಿನ ಕೆಲಸ ಎಂಬುದು ಮಾತ್ರ ನಮ್ಮಲ್ಲಿ ಇನ್ನೂ ಗೊತ್ತುಪಾಡಾಗಿಲ್ಲ.

ಪೂಜೆ, ಹರಕೆ, ದುವಾ, ಪ್ರಾರ್ಥನೆಗಳಿಗೆ ಬರವಿಲ್ಲದ ನಾಡಿನಲ್ಲಿ ಇದು ಕೊರತೆಯೆಂದೇ ಅನ್ನಿಸದಿರಬಹುದು. ರೋಗಿಯ ಮಂಚದ ಮೇಲ್ಗಡೆ ಮಂತ್ರಾಲಯದ ಪಟವೋ, ಬಂದೇ ನವಾಜರ ದರ್ಗಾದ ಪಟವೋ, ವೇಳಾಂಕಣಿ ಮಾತೆಯ ಚಿತ್ರವೋ ಇದ್ದೇ ಇರುತ್ತದೆ. ಕೊರತೆ ಇರುವುದು ದೇವರದ್ದಲ್ಲ, ಕೇಳಿಸಿಕೊಳ್ಳುವವರದ್ದು. ಸಾಯುತ್ತಿರುವ ಮನುಷ್ಯ ಬಾಯಿಬಿಟ್ಟರೆ ಸುತ್ತಲಿನವರು ಥಟ್ಟನೆ ಧೈರ್ಯ ಹೇಳುತ್ತಾರೆ, ಪ್ರಸಾದ ಕೊಡುತ್ತಾರೆ, ಮಾತು ಬದಲಿಸುತ್ತಾರೆ. ಆಧ್ಯಾತ್ಮಿಕ ಆರೈಕೆ ಎಂಬ ಹೆಸರಿನಲ್ಲಿ ಹಾಸ್ಪೈಸ್‌ಗಳು ಕಟ್ಟಿಕೊಂಡು ಬಂದ ಪದ್ಧತಿ ಈ ಅವಸರಕ್ಕೆ ತಡೆ ಹಾಕುವ ವಿದ್ಯೆ.

ಪದ್ಧತಿಯ ಮೂಲ ಲಂಡನ್ನಿನಲ್ಲಿದೆ. ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು; ಬೆನ್ನುನೋವಿನಿಂದ ಅದನ್ನು ಬಿಟ್ಟು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದವರು; ಮೂವತ್ತು ದಾಟಿದ ಮೇಲೆ ವೈದ್ಯಕೀಯ ಓದಿ ಡಾಕ್ಟರಾದವರು. 1948ರಲ್ಲಿ ತೀರಿಕೊಂಡ, ಅವರು ನೋಡಿಕೊಳ್ಳುತ್ತಿದ್ದ ಡೇವಿಡ್ ತಾಸ್ಮಾ ಎಂಬ ರೋಗಿ ವಾರ್ಸಾದಿಂದ ಬಂದಿದ್ದ ಯೆಹೂದಿ. ವಯಸ್ಸು 40, ಹತ್ತಿರದವರು ಯಾರೂ ಇಲ್ಲ, ಬದುಕಿದ್ದಕ್ಕೆ ಗುರುತೇ ಉಳಿಯಲಿಲ್ಲ ಎಂಬ ಕೊರಗು ಬೇರೆ. ಏನಾದರೂ ಓದಿ ಹೇಳಲೇ ಎಂದು ಸಾಂಡರ್ಸ್ ಕೇಳಿದಾಗ ಆತ ಪುಸ್ತಕ ಬೇಡವೆಂದ, ಆಕೆಯ ಮನಸ್ಸಿನಲ್ಲಿ ಇರುವುದು ಮಾತ್ರ ಸಾಕು ಎಂದ. ಮುಂದೆ ಆಕೆ ಕಟ್ಟಬಹುದಾದ ಮನೆಯಲ್ಲಿ ತಾನೊಂದು ಕಿಟಕಿಯಾಗಿರುತ್ತೇನೆಂದು 500 ಪೌಂಡ್ ಬಿಟ್ಟುಹೋದ. ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಬಾಗಿಲು ತೆರೆದದ್ದು ಹತ್ತೊಂಬತ್ತು ವರ್ಷಗಳ ನಂತರ, 1967ರಲ್ಲಿ. ಆ ಕಿಟಕಿ ಅಲ್ಲಿದೆ. ಸಾಂಡರ್ಸ್ ಗಾಢ ಶ್ರದ್ಧೆಯ ಕ್ರೈಸ್ತರು, ತಾಸ್ಮಾ ನಂಬಿಕೆ ಕಳೆದುಕೊಂಡಿದ್ದ ಯೆಹೂದಿ. ಆಧುನಿಕ ಹಾಸ್ಪೈಸ್ ಹುಟ್ಟಿದ್ದು ಒಂದೇ ಧರ್ಮದ ಇಬ್ಬರ ನಡುವೆ ಅಲ್ಲ ಎಂಬುದನ್ನು ಇಲ್ಲಿಯೇ ಗಮನಿಸಿಕೊಳ್ಳಬೇಕು.

1960ರ ದಶಕದ ಆರಂಭದಲ್ಲಿ ಸಾಂಡರ್ಸ್ ಒಬ್ಬ ರೋಗಿಯನ್ನು ನೋವಿನ ಬಗ್ಗೆ ವಿಚಾರಿಸಿದರು. ಬೆನ್ನಿನಿಂದ ಶುರುವಾಯಿತು ಎಂದ ಆ ಹೆಂಗಸು ಈಗ ತನ್ನದೆಲ್ಲವೂ ಕೆಟ್ಟಂತಿದೆ ಎಂದಳು. ಗಂಡ, ಮಗ ಕೆಲಸ ಬಿಟ್ಟು ಸಂಬಳ ಕಳೆದುಕೊಳ್ಳಬೇಕಾಗುತ್ತಿತ್ತು ಎಂಬುದು, ಯಾರಿಗೂ ತಾನು ಅರ್ಥವಾಗುತ್ತಿಲ್ಲ ಎಂಬುದು, ಕೊನೆಗೆ ಈಗ ಮತ್ತೆ ನಿಶ್ಚಿಂತೆ ಅನ್ನಿಸತೊಡಗಿದೆ ಎಂಬುದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಮಾತ್ರೆ ಎಲ್ಲಿ ಮುಗಿಯಬೇಕು, ಮಾತು ಎಲ್ಲಿ ಶುರುವಾಗಬೇಕು ಎಂಬ ಗೆರೆ ಅಂಥ ಉತ್ತರದಲ್ಲಿ ಇರುವುದಿಲ್ಲ. ಇದನ್ನೇ ಸಾಂಡರ್ಸ್ ಸಮಗ್ರ ನೋವು ಎಂದರು. ಹಾಗೆಂದು ಅವರು ಮಾತ್ರೆಯನ್ನು ಹಿಂದೆ ಸರಿಸಲಿಲ್ಲ. ನೋವು ಮರುಕಳಿಸುವ ಮೊದಲೇ, ಹೊತ್ತು ಹೊತ್ತಿಗೆ ಬಾಯಿಯ ಮೂಲಕ ಮಾರ್ಫಿನ್ ಕೊಡುವ ಕ್ರಮವನ್ನು ನೆಲೆಗೊಳಿಸಿದವರೂ ಅವರೇ. ಕ್ರಮ ಹೀಗಿದೆ: ಮೊದಲು ನೋವು ಇಳಿಯಬೇಕು, ಪ್ರಶ್ನೆಗಳು ಆಮೇಲೆ ಏಳುತ್ತವೆ. ಮೂಳೆಗೆ ಹಬ್ಬಿದ ಕ್ಯಾನ್ಸರಿನಲ್ಲಿ ನರಳುತ್ತಿರುವವರ ತಲೆದಿಂಬಿನ ಬಳಿ ಕೂತು ಬದುಕಿನ ಅರ್ಥ ವಿಚಾರಿಸುವುದು ಕ್ರೌರ್ಯ.

ಭಾರತದ ಮೊದಲ ಹಾಸ್ಪೈಸ್ ಶಾಂತಿ ಅವೇದನಾ ಸದನ 1986ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಹುಟ್ಟಿದ ಪೇನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಆರೈಕೆಯನ್ನು ಕಟ್ಟಡದಿಂದ ಹೊರಗೆ ತಂದು ಊರ ಸ್ವಯಂಸೇವಕರ ಕೈಗಿಟ್ಟಿತು. ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1994ರಲ್ಲಿ ಸ್ಥಾಪನೆಯಾಗಿ, ಮೊದಲು ಮನೆಮನೆಗೆ ಹೋಗಿ ಆರೈಕೆ ಮಾಡಿ, 1999ರಲ್ಲಿ ಮಾರತ್ತಹಳ್ಳಿಯ ಬಳಿ ಕರುಣಾಶ್ರಯವನ್ನು ತೆರೆಯಿತು. ಈಗ ಅಲ್ಲಿ 70ಕ್ಕೂ ಹೆಚ್ಚು ಹಾಸಿಗೆಗಳಿವೆ. ಮುಖ್ಯವಾಗಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಆರೈಕೆ, ಅದೂ ಉಚಿತ. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಕೆಲಸದಲ್ಲಿದೆ. ಆದರೂ ಕರ್ನಾಟಕದ ಹೆಚ್ಚಿನವರ ಪಾಲಿಗೆ ಹಾಸ್ಪೈಸ್ ಎಂದರೆ ಇನ್ನು ಮೇಲೆ ಮನೆಗೆ ಕರೆದುಕೊಂಡು ಹೋಗಿ ಎಂಬ ಆಸ್ಪತ್ರೆಯವರ ಮಾತು, ಒಂದು ಡಿಸ್ಚಾರ್ಜ್ ಚೀಟಿ, ಹಿಂದಿನ ಕೋಣೆಯ ಮಂಚ.

ಸಂಕಟದ ಮಾತು

ಆಧ್ಯಾತ್ಮಿಕ ಸಂಕಟ ಧರ್ಮಗ್ರಂಥದ ಭಾಷೆಯಲ್ಲಿ ಬರುವುದು ಅಪರೂಪ. "ನಾನು ಯಾರಿಗೇನು ಕೇಡು ಮಾಡಿದ್ದೆ?" "ಎಷ್ಟು ದಿನ ಅಂತ ಹೀಗೆ ಬಿದ್ದಿರೋದು?" "ದೇವರು ಕಣ್ಣು ಮುಚ್ಚಿಕೊಂಡಿದ್ದಾನೆ." "ಬೇಗ ಕರ್ಕೊಂಡ್ರೆ ಸಾಕಪ್ಪ." ಮಾತೇ ಇಲ್ಲದೆಯೂ ಬರುತ್ತದೆ: ಗೋಡೆಗೆ ಮುಖ ಮಾಡಿ ಮಲಗುವುದು, ಎಂದೂ ತಪ್ಪಿಸದ ಸಂಧ್ಯಾವಂದನೆಯನ್ನೋ ನಮಾಜನ್ನೋ ಏಕಾಏಕಿ ಬಿಡುವುದು, ಮಾರ್ಫಿನ್ ಪ್ರಮಾಣ ಏರಿಸಿದರೂ ಜಗ್ಗದ ನೋವು. ಈ ಕೊನೆಯದನ್ನು ಅನುಭವಿ ನರ್ಸ್‌ಗಳು ಕೂಡಲೇ ಗುರುತಿಸುತ್ತಾರೆ. ಔಷಧ ಸರಿಯಾಗಿದ್ದೂ ನೋವು ಇಳಿಯದಿದ್ದರೆ ಹೇಳಬೇಕಾದದ್ದು ಇನ್ನೇನೋ ಒಳಗೆ ಉಳಿದಿದೆ ಎಂಬ ಅನುಮಾನಕ್ಕೆ ಅವಕಾಶವಿದೆ.

ದೆಹಲಿಯ ಏಮ್ಸ್‌ನಲ್ಲಿ ಜೋರಿಸ್ ಗೀಲೆನ್, ಸುಷ್ಮಾ ಭಟ್ನಾಗರ್ ಮತ್ತು ನಿಮ್ಹಾನ್ಸ್‌ನ ಸಂತೋಷ್ ಚತುರ್ವೇದಿ 300 ಕ್ಯಾನ್ಸರ್ ರೋಗಿಗಳನ್ನು ಮಾತಾಡಿಸಿ ನಡೆಸಿದ ಅಧ್ಯಯನದಲ್ಲಿ ಮೂರು ಬಗೆಯವರು ಕಂಡರು. ಅರ್ಧಕ್ಕೆ ತುಸು ಕಡಿಮೆ ಮಂದಿ ದೇವರ ಮೇಲೆ ಭಾರ ಹಾಕಿ ಬಹುಮಟ್ಟಿಗೆ ನೆಮ್ಮದಿಯಾಗಿದ್ದವರು. ಇನ್ನೊಂದು ಗುಂಪು ಬಹಿರಂಗವಾಗಿ ನೊಂದವರದು, ದೇವರ ಮೇಲೂ ಕೋಪಗೊಂಡವರದು. ಮೂರನೆಯವರು ದೇವರನ್ನು ಬಿಗಿಯಾಗಿ ಹಿಡಿದುಕೊಂಡಿದ್ದರೂ ಒಳಗೆ ತಳಮಳಿಸುತ್ತಿದ್ದವರು. ಕೆಲಸಕ್ಕೆ ಬರುವ ಅರಿವು ಇರುವುದು ಈ ಮೂರನೆಯ ಗುಂಪಿನಲ್ಲಿ. ಕೈಯಲ್ಲಿ ಜಪಮಣಿ ಇರುವವರನ್ನು ಕಂಡು, ಇವರಿಗೇನೂ ಚಿಂತೆಯಿಲ್ಲ ಎಂದು ಡಾಕ್ಟರೂ ಬಂಧುಗಳೂ ಮುಂದೆ ಹೋಗಿಬಿಡುತ್ತಾರೆ.

ಕರ್ಮದ ನಂಬಿಕೆ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಯಾಕೆ ನನಗೇ ಬಂತು ಎಂಬ ಪ್ರಶ್ನೆಗೆ ಒಂದು ಉತ್ತರ ಕೊಟ್ಟು ಕೆಲವರನ್ನು ಸಮಾಧಾನಪಡಿಸುತ್ತದೆ. ಹಿಂದಿನ ಲೆಕ್ಕ ತೀರಿತು, ಮುಂದಿನದು ಹಗುರ ಎಂದು ಅವರು ಉಸಿರು ಬಿಡುತ್ತಾರೆ. ಇನ್ನು ಕೆಲವರಿಗೆ ಅದೇ ನಂಬಿಕೆ ಎರಡನೇ ಶಿಕ್ಷೆ. ಕಾಯಿಲೆಯ ಜೊತೆಗೆ ಕಾಯಿಲೆ ಬರುವಂಥದ್ದು ಮಾಡಿದೆ ಎಂಬ ಅವಮಾನವನ್ನೂ ಹೊರಬೇಕು. ಗರ್ಭಕೊರಳಿನ ಕ್ಯಾನ್ಸರ್ ಬಂದ ಹೆಂಗಸರು, ಬಾಯಿ ಕ್ಯಾನ್ಸರ್ ಬಂದ ಗುಟ್ಕಾ ಚಟದವರು ಈ ಹೊರೆಯಡಿ ಹೆಚ್ಚು ಕುಗ್ಗುತ್ತಾರೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಆರೋಗ್ಯವಂತರ ಜಗಲಿಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ವಾರ್ಡಿನಲ್ಲಿ ಅದಕ್ಕೆ ಜಾಗವಿಲ್ಲ. ರೋಗಿಯ ಕರ್ಮಸಿದ್ಧಾಂತವನ್ನು ತಿದ್ದುವುದು ಆರೈಕೆಯವರ ಕೆಲಸವಲ್ಲ. ಆ ನಂಬಿಕೆ ಈ ಮನುಷ್ಯನನ್ನು ಎತ್ತುತ್ತಿದೆಯೋ ಒತ್ತುತ್ತಿದೆಯೋ ನೋಡುವುದು, ಒತ್ತುತ್ತಿದ್ದರೆ ಅದೇ ಧರ್ಮದೊಳಗೆ ಕ್ಷಮೆ, ಕರುಣೆ, ಶರಣಾಗತಿಯ ಮಾತುಗಳೂ ಇವೆಯಲ್ಲ ಎಂದು ನೆನಪಿಗೆ ತರಬಲ್ಲವರನ್ನು ಕರೆಸುವುದು, ಇಷ್ಟು ಸಾಕು.

ದೇವರನ್ನು ನಂಬದವರಿಗೂ ಸಂಕಟ ತಪ್ಪಿದ್ದಲ್ಲ. ಬದುಕಿದ್ದು ಸಾರ್ಥಕವೇ, ಮುರಿದುಹೋದ ನಂಟು ಹಾಗೆಯೇ ಉಳಿಯುತ್ತದೆಯೇ, ಹೊಲದ ತಕರಾರು ಮಕ್ಕಳ ತಲೆಗೆ ಬೀಳುತ್ತದೆಯೇ ಎಂಬ ಪ್ರಶ್ನೆಗಳಿಗೆ ಜಾತಿಯಿಲ್ಲ, ಮತವಿಲ್ಲ.

"ಅವರಿಗೆ ಮಾತ್ರ ಹೇಳಬೇಡಿ"

ನಮ್ಮ ಕಡೆ ಈ ಆರೈಕೆಗೆ ಎದುರಾಗುವ ದೊಡ್ಡ ಅಡ್ಡಿ ಪ್ರೀತಿಯ ಸುಳ್ಳು. ಬಯಾಪ್ಸಿ ವರದಿ ಬಂದ ದಿನವೇ ಮಗನೋ ಅಳಿಯನೋ ಡಾಕ್ಟರ ಕೋಣೆಗೆ ಒಬ್ಬನೇ ಹೋಗಿ ಕೈಮುಗಿಯುತ್ತಾನೆ: ಕ್ಯಾನ್ಸರ್ ಅಂತ ಹೇಳಬೇಡಿ ಸಾರ್, ಕೇಳಿದರೆ ಅಲ್ಲೇ ಕುಸಿದುಬಿಡುತ್ತಾರೆ. ಅಂದಿನಿಂದ ಗಡ್ಡೆ ಗಂಟಾಗುತ್ತದೆ, ಕೀಮೋ ಶಕ್ತಿಯ ಡ್ರಿಪ್ಪಾಗುತ್ತದೆ. ರೋಗಿಗೆ ಗೊತ್ತಿರುವುದಿಲ್ಲವೇ? ಬಹಳಷ್ಟು ಸಲ ಗೊತ್ತಿರುತ್ತದೆ. ಅದೇ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವನ ಕೂದಲೂ ಉದುರುತ್ತಿರುತ್ತದೆ. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯ ಕಿದ್ವಾಯಿ ಎಂಬ ಬೋರ್ಡನ್ನು ಓದಲು ಬಾರದವರೂ ಆ ಹೆಸರಿನ ಅರ್ಥ ಬಲ್ಲರು. ಮನೆಯವರು ನೊಂದುಕೊಳ್ಳಬಾರದೆಂದು ರೋಗಿಯೂ ಗೊತ್ತಿಲ್ಲದಂತೆ ನಟಿಸುತ್ತಾನೆ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಾಪಾಡುತ್ತಾ, ಒಂದೇ ಸೂರಿನಡಿ ಒಂಟಿಯಾಗುತ್ತಾರೆ.

ಇದರ ಬೆಲೆ ದೊಡ್ಡದು. ವಿಲ್ ಬರೆಯುವುದು, ಕ್ಷಮೆ ಕೇಳುವುದು, ಮಗಳ ಮದುವೆಯ ಮಾತು, ಹತ್ತು ವರ್ಷದಿಂದ ಮಾತು ಬಿಟ್ಟ ತಮ್ಮನನ್ನು ಕರೆಸುವುದು, ಹುಟ್ಟೂರನ್ನೊಮ್ಮೆ ನೋಡುವುದು, ಇವೆಲ್ಲ ಮುಂದಿನ ತಿಂಗಳಿಗೆ ಹೋಗುತ್ತವೆ, ಮುಂದಿನ ತಿಂಗಳು ಇರುವುದಿಲ್ಲ. ಹಾಸ್ಪೈಸ್ ಸಿಬ್ಬಂದಿ ಸತ್ಯವನ್ನು ಮುಖಕ್ಕೆ ಹೊಡೆದಂತೆ ಹೇಳುವುದಿಲ್ಲ. ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನನ್ನಿಸುತ್ತದೆ, ಎಷ್ಟು ತಿಳಿದುಕೊಳ್ಳಬೇಕು ಅನ್ನಿಸುತ್ತದೆ, ನಿಮ್ಮ ಪರವಾಗಿ ಬೇರೆಯವರು ಕೇಳಿಸಿಕೊಂಡರೆ ಸಾಕೇ ಎಂದು ವಿಚಾರಿಸುತ್ತಾರೆ. ರೋಗಿ ಬೇಡವೆಂದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಬೇಕೆಂದರೆ ಮನೆಯವರನ್ನು ಮೊದಲು ಒಪ್ಪಿಸಿ, ಅವರ ಸಮ್ಮುಖದಲ್ಲೇ ಮಾತು ತೆಗೆಯುತ್ತಾರೆ. ಸತ್ಯ ತಿಳಿದ ಮೇಲೆ ರೋಗಿ ಅಳುವುದುಂಟು, ಎರಡು ದಿನ ಊಟ ಬಿಡುವುದುಂಟು. ಆ ಎರಡು ದಿನ ಜೊತೆಗೆ ಕೂರುವವರು ಇಲ್ಲದಿದ್ದರೆ ಸತ್ಯ ಹೇಳಲೂ ಹೋಗಬಾರದು.

ಮರಣದ ಬಗ್ಗೆ ಮಾತಾಡುವುದಕ್ಕೆ ಕಾನೂನಿನ ಬಾಗಿಲೂ ಈಗ ತೆರೆದಿದೆ. ಗುಣವಾಗುವ ಆಸೆ ಇಲ್ಲದಾಗ ಕೃತಕ ಜೀವಾಧಾರ ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿ, ಮ್ಯಾಜಿಸ್ಟ್ರೇಟರ ಬದಲು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕೆಂದಿತು. ಅದನ್ನು ಜಾರಿಗೆ ತರುವ ಸುತ್ತೋಲೆಯನ್ನು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿತು. ವೆಂಟಿಲೇಟರ್ ಬೇಕೇ ಎಂಬ ಪ್ರಶ್ನೆಯ ಹಿಂದೆ ಎಲ್ಲಿ ಸಾಯಬೇಕು, ಯಾರು ಬಳಿ ಇರಬೇಕು, ಬಾಯಿಗೆ ನೀರು ಬಿಡುವವರು ಯಾರು ಎಂಬ ಪ್ರಶ್ನೆಗಳಿವೆ. ಐಸಿಯುವಿನ ಗಾಜಿನ ಆಚೆ ನಿಂತು ತಂದೆಯ ಕೊನೆಯುಸಿರನ್ನು ಮಾನಿಟರಿನಲ್ಲಿ ಕಂಡ ಮನೆಗಳು ಈಗ ಊರಿಗೆ ಹತ್ತಾರಿವೆ.

ಕೇಳುವ ಕ್ರಮ

ಮಾತು ತೆಗೆಯಲು ಡಾಕ್ಟರರಿಗೂ ನರ್ಸ್‌ಗಳಿಗೂ ಅಂಜಿಕೆ ಇರುತ್ತದೆ. ಅದನ್ನು ನೀಗಲು ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ 1996ರಲ್ಲಿ ಫಿಕಾ ಎಂಬ ಪುಟ್ಟ ಪ್ರಶ್ನಾವಳಿ ರೂಪಿಸಿದರು. ಕಷ್ಟದಲ್ಲಿ ನಿಮಗೆ ಆಸರೆ ಯಾವುದು, ಅದು ನಿಮ್ಮ ಬದುಕಿನಲ್ಲಿ ಎಷ್ಟು ಮುಖ್ಯ, ಜೊತೆಗೆ ನಿಲ್ಲುವ ಬಳಗ ಯಾವುದು, ಈ ವಿಚಾರದಲ್ಲಿ ನಾವೇನು ಮಾಡಬೇಕು? ಇಷ್ಟೇ. 2001ರಲ್ಲಿ ಗೌರಿ ಆನಂದರಾಜಾ ಮತ್ತು ಎಲೆನ್ ಹೈಟ್ ಹೋಪ್ ಎಂಬ ಇನ್ನೊಂದು ಚೌಕಟ್ಟು ಕೊಟ್ಟರು. ಫಾರಂ ಕೈಯಲ್ಲಿ ಹಿಡಿದು ಒಂದೊಂದೇ ಕಾಲಂ ತುಂಬಿಸುತ್ತಾ ಹೋದರೆ ಎರಡೂ ವ್ಯರ್ಥ. ಹಾಸನದ ಹಳ್ಳಿಯ ಅಜ್ಜಿಗೆ ನಿಮ್ಮ ಆಧ್ಯಾತ್ಮಿಕ ಅಗತ್ಯಗಳೇನು ಎಂದರೆ ಆಕೆ ಮೊಮ್ಮಗನ ಮುಖ ನೋಡುತ್ತಾಳೆ. ರಾತ್ರಿ ಎಚ್ಚರವಾದಾಗ ಏನು ಯೋಚನೆ ಬರುತ್ತದಮ್ಮಾ ಎಂದು ಕೇಳಿದರೆ ಮಾತು ತಾನಾಗಿ ಹರಿಯುತ್ತದೆ.

ಹರಿದಾಗ ತಡೆಯದಿರುವುದೇ ಕಷ್ಟದ ಭಾಗ. ಬೇಗ ಕರ್ಕೊಂಡ್ರೆ ಸಾಕು ಎಂದ ರೋಗಿಗೆ, ಹಾಗೆಲ್ಲ ಅನ್ನಬಾರದು ಎಂಬ ಉತ್ತರ ಬಾಗಿಲು ಹಾಕಿದಂತೆ. ಯಾಕೆ ಹಾಗನ್ನಿಸುತ್ತಿದೆ ಎಂದು ವಿಚಾರಿಸಿದರೆ ಕಾರಣ ಹೊರಬೀಳುತ್ತದೆ: ಹೆಂಡತಿ ರಾತ್ರಿಯೆಲ್ಲ ಎಚ್ಚರ ಇರುವುದು ನೋಡಲಾಗುತ್ತಿಲ್ಲ, ಮೂತ್ರದ ಚೀಲ ಸೊಸೆ ಖಾಲಿ ಮಾಡುವುದು ನಾಚಿಕೆ. ಇವುಗಳಲ್ಲಿ ಕೆಲವಕ್ಕೆ ತಕ್ಷಣದ ಪರಿಹಾರವೇ ಇದೆ. ನನಗೇ ಯಾಕೆ ಎಂಬುದಕ್ಕೆ ಪರಿಹಾರವಿಲ್ಲ, ಉತ್ತರವನ್ನೂ ರೋಗಿ ನಿರೀಕ್ಷಿಸಿರುವುದಿಲ್ಲ. ಆ ಪ್ರಶ್ನೆ ಕೇಳಿದ ಮೇಲೂ ಎದುರಿನವರು ಎದ್ದುಹೋಗಲಿಲ್ಲ ಎಂಬುದು ಅವರಿಗೆ ಸಾಕಾಗುತ್ತದೆ.

ಕೆನಡಾದ ಮನೋವೈದ್ಯ ಹಾರ್ವಿ ಚೋಚಿನೋವ್ ಇದಕ್ಕೊಂದು ಹೆಚ್ಚು ವ್ಯವಸ್ಥಿತ ರೂಪ ಕೊಟ್ಟು, 2005ರಲ್ಲಿ ಕೆನಡಾ ಮತ್ತು ಆಸ್ಟ್ರೇಲಿಯಾದ 100 ರೋಗಿಗಳ ಮೇಲಿನ ಅಧ್ಯಯನ ಪ್ರಕಟಿಸಿದರು. ಬದುಕಿನಲ್ಲಿ ಯಾವುದನ್ನು ಹೆಮ್ಮೆಯಿಂದ ನೆನೆಯುತ್ತೀರಿ, ಮನೆಯವರು ಏನನ್ನು ಮರೆಯಬಾರದು ಎಂದು ಕೇಳಿ, ಉತ್ತರವನ್ನು ಧ್ವನಿಮುದ್ರಿಸಿ, ಬರಹಕ್ಕಿಳಿಸಿ ತಿದ್ದಿ ರೋಗಿಯ ಕೈಗೇ ಕೊಡುವುದು. ಅದನ್ನು ಯಾರಿಗೆ ಬಿಟ್ಟುಹೋಗಬೇಕೆಂಬುದು ಅವರ ಇಷ್ಟ. ಪ್ರತಿ ಕಿಸೆಯಲ್ಲೂ ಧ್ವನಿಮುದ್ರಣ ಯಂತ್ರ ಇರುವ ಈ ಕಾಲದಲ್ಲಿ ಮೊಮ್ಮಕ್ಕಳು ಯಾವ ತರಬೇತಿಯೂ ಇಲ್ಲದೆ ಇದರ ಅರ್ಧ ಭಾಗವನ್ನು ಮಾಡಬಲ್ಲರು.

ಇನ್ನೊಂದು ಅಧ್ಯಯನದ ಫಲಿತಾಂಶ ಧಾರ್ಮಿಕರನ್ನೂ ವೈದ್ಯರನ್ನೂ ಒಟ್ಟಿಗೆ ಚುಚ್ಚುವಂಥದ್ದು. 300ಕ್ಕೂ ಹೆಚ್ಚು ರೋಗಿಗಳ ಕೊನೆಯ ದಿನಗಳನ್ನು ಅಮೆರಿಕದಲ್ಲಿ ಗಮನಿಸಿದ ಟ್ರೇಸಿ ಬಾಲ್ಬೋನಿ ತಂಡ 2013ರಲ್ಲಿ ಹೇಳಿದ್ದೇನೆಂದರೆ, ತಮ್ಮ ಧಾರ್ಮಿಕ ಬಳಗದಿಂದ ಮಾತ್ರ ಹೆಚ್ಚಿನ ಬೆಂಬಲ ಪಡೆದವರು ಹಾಸ್ಪೈಸ್‌ಗೆ ಬಂದದ್ದು ಕಡಿಮೆ, ಐಸಿಯುವಿನಲ್ಲಿ ತೀರಿಕೊಂಡದ್ದು ಹೆಚ್ಚು. ಅದೇ ಬೆಂಬಲದ ಜೊತೆ ವೈದ್ಯ ತಂಡವೂ ಈ ಮಾತುಗಳಲ್ಲಿ ಭಾಗಿಯಾದಾಗ ಚಿತ್ರ ತಿರುಗಿತು. ಪವಾಡ ಆಗಿಯೇ ಆಗುತ್ತದೆ ಎನ್ನುವವರು ಕೊನೆಯ ಕೀಮೋವನ್ನೂ ಬಿಡಲು ಒಪ್ಪುವುದಿಲ್ಲ. ನಮ್ಮ ಮಠಾಧೀಶರು, ಮೌಲ್ವಿಗಳು, ಪಾದ್ರಿಗಳು ಆಸ್ಪತ್ರೆಗೆ ಬಂದು ಆಶೀರ್ವದಿಸುವಾಗ ಕಾಯಿಲೆಯ ಹಂತ ಯಾವುದೆಂದು ಡಾಕ್ಟರನ್ನು ಒಂದು ಮಾತು ಕೇಳಿದರೆ ಬಹಳ ಉಪಕಾರ.

ಮತಪ್ರಚಾರಕ್ಕೆ ಇಲ್ಲಿ ಎಳ್ಳಷ್ಟೂ ಎಡೆಯಿಲ್ಲ. ಮೈಯಲ್ಲಿ ಶಕ್ತಿಯಿಲ್ಲದೆ, ನೀರು ಕೊಡುವವರ ಮುಲಾಜಿನಲ್ಲಿ ಇರುವವರಿಗೆ ತಮ್ಮ ದೇವರನ್ನು ಪರಿಚಯಿಸಹೊರಡುವವರು ಸ್ವಯಂಸೇವಕರಾಗಿ ಇರಲು ಯೋಗ್ಯರಲ್ಲ. ರೋಗಿಯೇ ಕೇಳಿಕೊಂಡರೆ ಮಾತ್ರ ಜೊತೆಗೂಡಿ ಪ್ರಾರ್ಥಿಸಬಹುದು, ಅದೂ ರೋಗಿಯ ಮಾತಿನಲ್ಲಿ. ಜಪಾನಿನ ತೊಹೊಕು ವಿಶ್ವವಿದ್ಯಾಲಯ 2011ರ ಸುನಾಮಿಯ ನಂತರ ಬೌದ್ಧ, ಕ್ರೈಸ್ತ, ಶಿಂತೊ ಅರ್ಚಕರನ್ನು ಒಟ್ಟಿಗೆ ಕೂರಿಸಿ ಕೊಡತೊಡಗಿದ ತರಬೇತಿಯ ಷರತ್ತೂ ಇದೇ: ಮತಪ್ರಚಾರ ಕೂಡದು.

ಮಾರ್ಫಿನ್, ದೀಪ, ತೀರ್ಥ

ಔಷಧಕ್ಕೂ ಆಚರಣೆಗೂ ತಾಕಲಾಟ ಬರುವ ಜಾಗಗಳಲ್ಲಿ ಆರೈಕೆಯ ಕುಶಲತೆ ಗೊತ್ತಾಗುತ್ತದೆ. ಅಂತ್ಯಕಾಲದಲ್ಲಿ ಬಾಯಲ್ಲಿ ದೇವರ ಹೆಸರಿರಬೇಕು ಎಂಬುದು ವೈಷ್ಣವರ ಮನೆಗಳಲ್ಲಿ ಅಜಾಮಿಳನ ಕಥೆಯಷ್ಟೇ ಹಳೆಯ ಆಸೆ. ಮಾರ್ಫಿನ್ ಎಚ್ಚರ ತಪ್ಪಿಸುತ್ತದೆಂಬ ಭಯದಿಂದ ಕೆಲವರು ಅದನ್ನು ದೂರವಿಡುತ್ತಾರೆ. ನೋವನ್ನು ಅನುಭವಿಸಿಯೇ ತೀರಿಸಬೇಕು, ಇಲ್ಲದಿದ್ದರೆ ಬಾಕಿ ಮುಂದಿನ ಜನ್ಮಕ್ಕೆ ಬರುತ್ತದೆ ಎನ್ನುವವರೂ ಇದ್ದಾರೆ. ಮೊದಲಿನವರಿಗೆ ಹೇಳಬೇಕಾದ ವೈದ್ಯಕೀಯ ಸಂಗತಿ ಸರಳ: ಶುರುವಿನ ಮಂಪರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ, ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಏರಿಸಿದರೆ ನೋವೂ ತಗ್ಗುತ್ತದೆ, ಎಚ್ಚರವೂ ಉಳಿಯುತ್ತದೆ, ಕಿತ್ತು ತಿನ್ನುವ ನೋವಿನಲ್ಲಿ ನಾಮಸ್ಮರಣೆ ಹೇಗೂ ನಡೆಯುವುದಿಲ್ಲ. ಎರಡನೆಯವರ ಜೊತೆ ವಾದಕ್ಕಿಳಿಯಬಾರದು. ಅರ್ಧ ಪ್ರಮಾಣಕ್ಕೆ ಒಪ್ಪುವವರಿದ್ದಾರೆ, ಮನೆಯವರ ಕಣ್ಣೀರು ನೋಡಿ ಒಪ್ಪುವವರಿದ್ದಾರೆ, ಒಪ್ಪದೆಯೇ ಹೋಗುವವರೂ ಇದ್ದಾರೆ, ಅದು ಅವರ ಹಕ್ಕು.

ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ಜೈನ ರೋಗಿಗೆ ನಾಲ್ಕು ತಾಸಿಗೊಮ್ಮೆ ನುಂಗುವ ಮಾತ್ರೆ ಒಗ್ಗುವುದಿಲ್ಲ; ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಚರ್ಮದಡಿಯ ಚುಚ್ಚುಮದ್ದು ಇದೆ. ಕಾಯಿಲೆಯವರಿಗೆ ರಂಜಾನ್ ಉಪವಾಸದಿಂದ ವಿನಾಯಿತಿ ಇದೆ. ಅದು ತಿಳಿದಿದ್ದೂ ಇದು ತನ್ನ ಕೊನೆಯ ರಂಜಾನ್ ಎಂದು ಹಟ ಹಿಡಿದವರಿಗೆ ಹನ್ನೆರಡು ತಾಸು ಕೆಲಸ ಮಾಡುವ ಮಾರ್ಫಿನ್ ಮಾತ್ರೆಯನ್ನು ಸಹರಿಗೊಂದು, ಇಫ್ತಾರಿಗೊಂದು ಹೊಂದಿಸಬಹುದು. ಮಂಚದ ಪಕ್ಕ ದೀಪ, ಊದುಬತ್ತಿ ಹಚ್ಚಬೇಕೆಂಬುದು ಸಹಜ ಆಸೆ, ಆದರೆ ಆಕ್ಸಿಜನ್ ಹರಿಯುತ್ತಿರುವ ಕೋಣೆಯಲ್ಲಿ ಕಿಡಿಯೂ ಅಪಾಯ. ದೀಪವನ್ನು ಹೊಸ್ತಿಲಾಚೆ, ರೋಗಿಗೆ ಕಾಣುವಂತೆ ಇಡಿಸುತ್ತಾರೆ. ನುಂಗುವ ಶಕ್ತಿ ಹೋದವರ ಬಾಯಿಗೆ ಗಂಗೆಯನ್ನೋ ಝಂಝಂ ನೀರನ್ನೋ ಚಮಚದಲ್ಲಿ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹತ್ತಿಯನ್ನು ಅದ್ದಿ ತುಟಿ ಒದ್ದೆ ಮಾಡಿದರೆ ಸಂಪ್ರದಾಯಕ್ಕೂ ಊನವಿಲ್ಲ, ರೋಗಿಗೂ ಉಸಿರು ಕಟ್ಟುವುದಿಲ್ಲ. ಲಿಂಗಾಯತರ ಮೈಮೇಲಿನ ಇಷ್ಟಲಿಂಗವನ್ನು ಸ್ನಾನ ಮಾಡಿಸುವಾಗಲೂ ಕೇಳದೆ ತೆಗೆಯಬಾರದು. ಮುಸ್ಲಿಮರು ಬಯಸಿದರೆ ಮಂಚವನ್ನು ಕಿಬ್ಲಾದತ್ತ ತಿರುಗಿಸುವುದು, ಕಥೋಲಿಕರಿಗೆ ಪ್ರಜ್ಞೆ ಇರುವಾಗಲೇ ಪಾದ್ರಿಯನ್ನು ಕರೆಸಿ ಅಭ್ಯಂಗ ಸಂಸ್ಕಾರ ಮಾಡಿಸುವುದು, ಇವುಗಳಿಗೆ ಖರ್ಚೇನೂ ಇಲ್ಲ, ಮುಂಚೆ ಕೇಳಿಟ್ಟುಕೊಂಡಿರಬೇಕು ಅಷ್ಟೇ. ಜಾತಿ ಕಾಲಂ ನೋಡಿ ಆಚರಣೆ ಊಹಿಸುವುದು ಮಾತ್ರ ತಪ್ಪು. ಹುಟ್ಟಿದ ಮನೆಯ ಕ್ರಮವನ್ನು ಬಿಟ್ಟು ದಶಕಗಳಾದವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ.

ಕೊನೆಯ ವಾರದಲ್ಲಿ ಮನೆಯವರನ್ನು ಹಿಂಡುವ ವಿಷಯ ಅನ್ನ. ಸಾಯುತ್ತಿರುವ ದೇಹಕ್ಕೆ ಹಸಿವು ತಾನಾಗಿ ಆರುತ್ತದೆ. ತಿನ್ನದಿರುವುದರಿಂದ ಸಾವು ಬರುತ್ತಿಲ್ಲ, ಸಾವು ಬರುತ್ತಿರುವುದರಿಂದ ತಿನ್ನುತ್ತಿಲ್ಲ. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ತಾಯಿಗೆ ತುತ್ತು ಅನ್ನ ಹಾಕದೆ ಕಳಿಸಿದೆ ಎಂಬ ಪಾಪಪ್ರಜ್ಞೆ ಮಗಳಿಗೆ ಜೀವಮಾನದುದ್ದಕ್ಕೂ ಅಂಟುತ್ತದೆ. ಮೂಗಿಗೆ ನಳಿಕೆ ಹಾಕಿಸಿ ಎಂದು ಒತ್ತಾಯಿಸುವುದರ ಹಿಂದೆ ಇರುವುದೂ ಇದೇ ಅಳುಕು. ಜೈನರ ಸಲ್ಲೇಖನದ ಮಾತು ಬೇರೆ. ಅದು ಗುರುವಿನ ಅನುಮತಿಯಿಂದ ಕೈಗೊಳ್ಳುವ ಆಮರಣ ಉಪವಾಸದ ವ್ರತ, ಶ್ರವಣಬೆಳಗೊಳದ ಶಾಸನಗಳಲ್ಲಿ ಅನೇಕ ಹೆಸರುಗಳಿರುವ ಪರಂಪರೆ. ಅದನ್ನು ಅಪರಾಧವೆಂದ ರಾಜಸ್ಥಾನ ಹೈಕೋರ್ಟಿನ 2015ರ ತೀರ್ಪಿಗೆ ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ನೀಡಿದೆ.

ತೀರಿಕೊಂಡ ಅಪ್ಪ ಬಾಗಿಲಲ್ಲಿ ನಿಂತಿದ್ದಾರೆ, ಅಕ್ಕ ಕರೆಯುತ್ತಿದ್ದಾಳೆ ಎಂದು ರೋಗಿ ಹೇಳುವುದು ಸಾಮಾನ್ಯ. ಅಮೆರಿಕದ ಬಫಲೋ ಹಾಸ್ಪೈಸ್‌ನಲ್ಲಿ ಕ್ರಿಸ್ಟೋಫರ್ ಕೆರ್ ತಂಡ 59 ರೋಗಿಗಳನ್ನು ದಿನವೂ ಮಾತಾಡಿಸಿದಾಗ, ಬಹುಪಾಲು ಮಂದಿ ಇಂಥ ಕನಸು ಅಥವಾ ದರ್ಶನ ಕಂಡಿದ್ದರು, ಅಗಲಿದವರು ಬಂದ ಕನಸುಗಳೇ ಅವರಿಗೆ ಹೆಚ್ಚು ಸಮಾಧಾನ ಕೊಟ್ಟಿದ್ದವು. ನಮ್ಮ ಅಜ್ಜಿಯರು ಇದಕ್ಕೆ ಬೆಚ್ಚುವವರಲ್ಲ, ಹಿರಿಯರು ಕರೆಯಲು ಬಂದಿದ್ದಾರೆ ಎನ್ನುತ್ತಿದ್ದರು. ಬೆಚ್ಚಿ ಭ್ರಮೆಯ ಮಾತ್ರೆ ಬರೆಯುವವರು ಹೊಸ ಡಾಕ್ಟರರು. ರೋಗಿ ಹೆದರುತ್ತಿಲ್ಲವಾದರೆ ಮಾತ್ರೆ ಬೇಡ. ಪ್ರಜ್ಞೆ ಹೋದ ಮೇಲೂ ಮಾತಾಡುವುದನ್ನು ನಿಲ್ಲಿಸಬಾರದು. ಕೆನಡಾದ ವ್ಯಾಂಕೂವರಿನ ಹಾಸ್ಪೈಸ್ ಒಂದರಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೊನೆಯ ಗಂಟೆಗಳಲ್ಲಿ ಯಾವ ಪ್ರತಿಕ್ರಿಯೆಯೂ ಇಲ್ಲದ ಕೆಲವು ರೋಗಿಗಳ ಮಿದುಳು ಶಬ್ದಗಳಿಗೆ ಸ್ಪಂದಿಸುತ್ತಿತ್ತು. ಆಸ್ತಿಯ ಜಗಳವನ್ನು ಹೊರಗೆ ಆಡಬೇಕೆಂಬುದಕ್ಕೆ ಇದೂ ಒಂದು ಕಾರಣ.

ಉಳಿದವರ ಪಾಲು

ಸಾವಿನೊಂದಿಗೆ ಹಾಸ್ಪೈಸ್‌ನ ಕೆಲಸ ಮುಗಿಯುವುದಿಲ್ಲ. ಅಮೆರಿಕದ ಮೆಡಿಕೇರ್ ವ್ಯವಸ್ಥೆಯಲ್ಲಿ ಹಾಸ್ಪೈಸ್ ತಂಡಕ್ಕೆ ಧಾರ್ಮಿಕ ಅಥವಾ ಇತರ ಆಪ್ತಸಮಾಲೋಚಕರು ಇರಲೇಬೇಕು, ಮರಣದ ನಂತರವೂ ಒಂದು ವರ್ಷ ಕಾಲ ಕುಟುಂಬವನ್ನು ವಿಚಾರಿಸಿಕೊಳ್ಳಬೇಕು. ನಮ್ಮಲ್ಲಿ ಆ ವರ್ಷವನ್ನು ಸಂಪ್ರದಾಯವೇ ಹಂಚಿಟ್ಟಿದೆ: ಮೂರನೇ ದಿನದ ಹಾಲುತುಪ್ಪ, ಹನ್ನೊಂದು, ಹದಿಮೂರು, ಮಾಸಿಕ, ವರ್ಷಾಬ್ದಿಕ, ಮುಸ್ಲಿಂ ವಿಧವೆಗೆ ನಾಲ್ಕು ತಿಂಗಳು ಹತ್ತು ದಿನದ ಇದ್ದತ್, ಕ್ರೈಸ್ತರಿಗೆ ಏಳನೇ ದಿನದ, ಮೂವತ್ತನೇ ದಿನದ ಪೂಜೆ, ನವೆಂಬರ್ 2ರ ಸಮಾಧಿ ದರ್ಶನ. ದುಃಖಕ್ಕೆ ಗಡಿಯಾರ ಕಟ್ಟಿದ ಈ ಏರ್ಪಾಟು ನಿಜಕ್ಕೂ ಬುದ್ಧಿವಂತಿಕೆಯದು. ಹನ್ನೊಂದರವರೆಗೆ ಮನೆತುಂಬ ಜನ, ಹದಿನೈದನೇ ದಿನ ಬೆಳಿಗ್ಗೆ ಒಬ್ಬಂಟಿ ಹೆಂಗಸು, ಇದು ಮಾತ್ರ ಅದರಲ್ಲಿನ ಬಿರುಕು. ಆರೈಕೆ ಮಾಡಿದವಳು ಹೆಚ್ಚಾಗಿ ಹೆಂಡತಿ, ಸೊಸೆ, ಮಗಳು. ವರ್ಷಗಟ್ಟಲೆ ಮಾತ್ರೆಯ ಹೊತ್ತಿನ ಮೇಲೆ ನಡೆದ ದಿನಚರಿ ಒಮ್ಮೆಗೇ ಬರಿದಾಗುತ್ತದೆ. ಕೊನೆಗೂ ಮುಗಿಯಿತು ಎಂಬ ನಿರಾಳತೆ ಬಂದದ್ದಕ್ಕೇ ನಾಚುತ್ತಾಳೆ. ಹಾಗನ್ನಿಸುವುದು ಸಹಜವೆಂದು ಹೇಳುವ ಒಂದು ಫೋನ್ ಕರೆ, ಮೊದಲ ಹಬ್ಬದ ಹೊತ್ತಿಗೊಂದು ಭೇಟಿ ಅವಳಿಗೆ ಔಷಧದಷ್ಟೇ ಮುಖ್ಯ. ಆರು ತಿಂಗಳು ಕಳೆದರೂ ದಿನದ ಬದುಕು ಹಳಿಗೆ ಬಾರದಿದ್ದರೆ ಅದು ದೀರ್ಘಶೋಕ ಎಂಬ ಚಿಕಿತ್ಸೆ ಬೇಕಾದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಈಗ ಅದಕ್ಕೆ ಸ್ಥಾನವಿದೆ.

ಮಕ್ಕಳನ್ನು ಸಾವಿನ ಮನೆಯಿಂದ ನೆಂಟರ ಮನೆಗೆ ಸಾಗಿಸುವುದು ರೂಢಿ. ತಾನು ಹಟ ಮಾಡಿದ್ದಕ್ಕೇ ಅಮ್ಮ ಹೋದಳು ಎಂದು ಒಳಗೊಳಗೇ ನಂಬಿಕೊಂಡ ಮಗುವಿಗೆ, ಅಮ್ಮ ಊರಿಗೆ ಹೋಗಿದ್ದಾಳೆ ಎಂಬ ಸುಳ್ಳು ಇನ್ನಷ್ಟು ಭಾರ. ಸತ್ತಿದ್ದಾಳೆ ಎಂಬ ಪದವನ್ನೇ ಬಳಸಿ, ನಿನ್ನಿಂದಲ್ಲ ಎಂದು ಹೇಳಬೇಕು.

ದೇಶದಲ್ಲಿ ಉಪಶಾಮಕ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮ 2012ರಲ್ಲೇ ರೂಪುಗೊಂಡಿತು. ಮಾರ್ಫಿನ್ ದೊರಕಿಸಲು ಮಾದಕವಸ್ತು ಕಾಯ್ದೆಯನ್ನು 2014ರಲ್ಲಿ ತಿದ್ದಲಾಯಿತು. ಈ ವಿಷಯದಲ್ಲಿ ಎಂ.ಡಿ. ಪದವಿಯೂ ಇದೆ. ಆಧ್ಯಾತ್ಮಿಕ ಆರೈಕೆಗೆಂದು ತರಬೇತಾದವರು ಮಾತ್ರ ಬೆರಳೆಣಿಕೆ, ಹೆಚ್ಚಿನವರು ಮಿಷನ್ ಆಸ್ಪತ್ರೆಗಳಲ್ಲಿ ಮತ್ತು ದತ್ತಿ ಸಂಸ್ಥೆಗಳಲ್ಲಿ ಇರುವವರು. ಸದ್ಯಕ್ಕೆ ಕರ್ನಾಟಕದಲ್ಲಿ ಈ ಕೆಲಸ ಬಿದ್ದಿರುವುದು ರಾತ್ರಿ ಪಾಳಿಯ ನರ್ಸ್ ಮತ್ತು ಮನೆಭೇಟಿಯ ಕಾರ್ಯಕರ್ತೆಯ ಮೇಲೆ. ರೋಗಿ ಬಾಯಿಬಿಡುವುದೂ ಅವರ ಬಳಿಯೇ. ಡ್ರೆಸಿಂಗ್, ಇಂಜೆಕ್ಷನ್, ಹಾಸಿಗೆ ಬದಲಾವಣೆಗಳನ್ನು ಎಣಿಸುವ ಡ್ಯೂಟಿ ಪುಸ್ತಕದಲ್ಲಿ ಕುಳಿತು ಕೇಳಿದ ಅರ್ಧ ಗಂಟೆಯನ್ನೂ ಕೆಲಸವೆಂದು ಬರೆದುಕೊಳ್ಳಲು ಆಸ್ಪತ್ರೆಗಳು ಅವರಿಗೆ ಅನುಮತಿ ಕೊಡಬೇಕು.